ಎಕ್ಸ್-ರೇ ಚೆನ್ನಾಗಿದೆ ಅಂತಾರೆ, ನನಗೆ ಹಾಗನ್ನಿಸುತ್ತಿಲ್ಲ: ಕತ್ತಿನ ಆಪರೇಷನ್ ನಂತರದ ಫಾರ್ಮ್ ಏನು ಅಳೆಯುತ್ತದೆ?

ಪ್ರಶ್ನೆ: ಕತ್ತಿನ ಡಿಸ್ಕ್ ತೆಗೆದು ಪ್ಲೇಟ್ ಹಾಕಿಸಿಕೊಂಡು ಮೂರು ತಿಂಗಳಾಯಿತು. ಎಕ್ಸ್-ರೇ ಚೆನ್ನಾಗಿದೆ ಎನ್ನುತ್ತಾರೆ ಡಾಕ್ಟರು. ಕೈಗೆ ಇಳಿಯುತ್ತಿದ್ದ ನೋವು ಹೋಗಿದೆ, ಬೆರಳಿನ ಜೋಮು ಹಾಗೇ ಇದೆ, ಕತ್ತು ಹಿಡಿದಂತಿರುತ್ತದೆ. ಹೋದಾಗಲೆಲ್ಲ ಹತ್ತು ಪ್ರಶ್ನೆಯ ಫಾರ್ಮ್ ತುಂಬಿಸಿಕೊಳ್ಳುತ್ತಾರೆ. ಗುಣವಾಗಿದೆಯೋ ಇಲ್ಲವೋ ಆ ಅಂಕದಿಂದ ತಿಳಿಯುತ್ತದೆಯೇ?

ತಿಳಿಯುತ್ತದೆ, ಆದರೆ ಇವತ್ತಿನ ಅಂಕವೊಂದರಿಂದಲೇ ಅಲ್ಲ. ಆಪರೇಷನ್‌ಗೆ ಮೊದಲು ತುಂಬಿದ ಇದೇ ಫಾರ್ಮನ್ನು ಪಕ್ಕದಲ್ಲಿಟ್ಟು ನೋಡಬೇಕು. ಸ್ಕ್ರೂ ಸಡಿಲವಾಗಿಲ್ಲ, ಡಿಸ್ಕ್ ಇದ್ದ ಜಾಗದಲ್ಲಿ ಕೂರಿಸಿದ ಕೇಜ್ ಎಂಬ ಪುಟ್ಟ ಚೌಕಟ್ಟು ಜಾಗ ಬಿಟ್ಟಿಲ್ಲ, ಮೂಳೆ ಬೆಸೆಯುತ್ತಿದೆ ಎಂಬಲ್ಲಿಗೆ ಎಕ್ಸ್-ರೇ ಕೆಲಸ ಮುಗಿಯಿತು. ಮಗ್ಗುಲು ಬದಲಿಸುವಾಗ ಎಚ್ಚರವಾಗುತ್ತದೆಯೇ, ತಲೆಗೆ ನೀರು ಹೊಯ್ದುಕೊಳ್ಳಲು ಕೈ ಮೇಲೇಳುತ್ತದೆಯೇ ಎಂಬುದು ಫಿಲ್ಮಿನಲ್ಲಿ ಮೂಡುವುದಿಲ್ಲ. ಅದನ್ನು ನೀವೇ ಹೇಳಬೇಕು.

ನಿಮಗೆ ಕೊಡುತ್ತಿರುವುದು ಬಹುಪಾಲು ನೆಕ್ ಡಿಸೆಬಿಲಿಟಿ ಇಂಡೆಕ್ಸ್, ಅಂದರೆ ಎನ್‌ಡಿಐ. ಕೆನಡಾದ ಹೊವಾರ್ಡ್ ವೆರ್ನನ್ ಮತ್ತು ಸಿಲ್ವಾನೊ ಮಿಯೋರ್ 1991ರಲ್ಲಿ ಪ್ರಕಟಿಸಿದ್ದು. ಸೊಂಟನೋವಿಗಾಗಿ ಮೊದಲೇ ಇದ್ದ ಆಸ್ವೆಸ್ಟ್ರಿ ಪ್ರಶ್ನಾವಳಿಯನ್ನು ಕತ್ತಿಗೆ ಒಗ್ಗಿಸಿ ಮಾಡಿದ್ದು. ನೋವಿನ ತೀವ್ರತೆ, ಸ್ನಾನ-ಬಟ್ಟೆಯಂಥ ಸ್ವಂತ ಕೆಲಸ, ಭಾರ ಎತ್ತುವುದು, ಓದುವುದು, ತಲೆನೋವು, ಏಕಾಗ್ರತೆ, ದುಡಿಮೆ, ವಾಹನ ಓಡಿಸುವುದು, ನಿದ್ದೆ, ಬಿಡುವಿನ ಚಟುವಟಿಕೆ ಎಂದು ಹತ್ತು ವಿಷಯ. ಒಂದೊಂದಕ್ಕೂ ಆರು ವಾಕ್ಯ, 0ಯಿಂದ 5ರವರೆಗೆ ಅಂಕ, ಒಟ್ಟು 50. ಅಂಕ ಹೆಚ್ಚಾದಷ್ಟೂ ತೊಂದರೆ ಹೆಚ್ಚು. ಪರೀಕ್ಷೆಯ ಅಂಕದಂತೆ ಓದಿದರೆ ಉಲ್ಟಾ ಆಗುತ್ತದೆ. 4ರವರೆಗೆ ತೊಂದರೆ ಇಲ್ಲ, 5ರಿಂದ 14 ಅಲ್ಪ, 15ರಿಂದ 24 ಮಧ್ಯಮ, 25ರಿಂದ 34 ತೀವ್ರ, ಅದಕ್ಕೂ ಮೇಲೆ ಹೋದರೆ ಪೂರ್ತಿ ಅಸಹಾಯಕತೆ ಎಂಬುದು ವಾಡಿಕೆಯ ಲೆಕ್ಕ. ಕೆಲವು ಕಡೆ ಎರಡರಿಂದ ಗುಣಿಸಿ ಶೇಕಡಾದಲ್ಲಿ ಬರೆಯುತ್ತಾರೆ. ಒಂದು ಸಲದ ಫೈಲಿನಲ್ಲಿ 28 ಎಂದೂ ಇನ್ನೊಂದು ಸಲ ಶೇ 28 ಎಂದೂ ಇದ್ದರೆ ಎರಡೂ ಒಂದೇ ಎಂದುಕೊಳ್ಳಬೇಡಿ. ಮೊದಲನೆಯದು ತೀವ್ರ, ಎರಡನೆಯದು ಅಲ್ಪ.

ಲೆಕ್ಕ ತಪ್ಪುವುದು ಹೆಚ್ಚಾಗಿ ವಾಹನದ ಪ್ರಶ್ನೆಯಲ್ಲಿ. ನಮ್ಮಲ್ಲಿ ಕಾರು ಓಡಿಸದವರೇ ಹೆಚ್ಚು, ಹಾಗಾಗಿ ಆ ಸಾಲು ಖಾಲಿ ಉಳಿಯುತ್ತದೆ. ಖಾಲಿ ಬಿಟ್ಟದ್ದನ್ನು ಸೊನ್ನೆ ಎಂದು ಕೂಡಿಸಬಾರದು. ಉತ್ತರಿಸಿದ ಪ್ರಶ್ನೆಗಳಿಂದ ಮಾತ್ರ ಭಾಗಿಸಬೇಕು. ಒಬ್ಬರ ಉದಾಹರಣೆ ಇಟ್ಟುಕೊಳ್ಳೋಣ. ಆಪರೇಷನ್‌ಗೆ ಮೊದಲು ವಾಹನ ಬಿಟ್ಟು ಒಂಬತ್ತು ಪ್ರಶ್ನೆಗೆ 25, ವಾಹನಕ್ಕೆ 4, ಒಟ್ಟು 29. ಶೇಕಡಾ 58. ಮೂರು ತಿಂಗಳ ನಂತರ ಸ್ಕೂಟರ್ ಇನ್ನೂ ಮುಟ್ಟಿಲ್ಲವೆಂದು ಆ ಸಾಲನ್ನು ಬಿಟ್ಟರು, ಉಳಿದದ್ದು 14. ಅದನ್ನು 50ರಿಂದ ಭಾಗಿಸಿದರೆ ಶೇಕಡಾ 28, ಅಂದರೆ 30ರಷ್ಟು ಇಳಿಕೆ. ಸರಿಯಾದ ಲೆಕ್ಕದಲ್ಲಿ ಎರಡೂ ಸಲ ವಾಹನ ಬಿಟ್ಟು 45ರಿಂದ ಭಾಗಿಸಬೇಕು: 55.6 ಇದ್ದದ್ದು 31.1ಕ್ಕೆ ಬಂತು, ಇಳಿಕೆ 24.5. ಸುಧಾರಣೆ ನಿಜ, ಆದರೆ ಕಾಗದದ ಮೇಲೆ ಐದೂವರೆ ಪುಕ್ಕಟೆ ಸೇರಿಕೊಂಡಿತ್ತು. ಇಂಥ ಖಾಲಿ ಸಾಲು ಎರಡಕ್ಕಿಂತ ಹೆಚ್ಚಾದರೆ ಆ ಫಾರ್ಮನ್ನು ನಂಬದಿರುವುದೇ ಮೇಲು.

ಭಾರದ ಪ್ರಶ್ನೆಯ ತೊಡಕು ಬೇರೆ. ‘ಬಿಂದಿಗೆ ಎತ್ತಬೇಡಿ’ ಎಂದು ಡಾಕ್ಟರೇ ಹೇಳಿರುತ್ತಾರೆ. ರೋಗಿ ಅದನ್ನು ಪಾಲಿಸಿ ‘ಏನೂ ಎತ್ತಲಾಗುವುದಿಲ್ಲ’ ಎಂದು 5 ಹಾಕುತ್ತಾರೆ. ಅಲ್ಲಿಗೆ ಅಂಕ ಅಳೆದದ್ದು ಕತ್ತನ್ನಲ್ಲ, ವಿಧೇಯತೆಯನ್ನು. ಆರನೇ ವಾರದ ಫಾರ್ಮಿನಲ್ಲಿ ಇದು ಎದ್ದು ಕಾಣುತ್ತದೆ. ಎತ್ತಲು ಹೋದರೆ ನೋಯುತ್ತದೋ, ಬೇಡವೆಂದಿದ್ದಕ್ಕೆ ಎತ್ತುತ್ತಿಲ್ಲವೋ ಎಂದು ಪಕ್ಕದಲ್ಲಿ ಬರೆದುಬಿಡಿ.

ಇಳಿಕೆ ಎಷ್ಟಾದರೆ ಲೆಕ್ಕಕ್ಕೆ ಬರುತ್ತದೆ? ಒಂದೆರಡು ಅಂಕ ಆ ದಿನದ ಬಸ್ ಪ್ರಯಾಣಕ್ಕೇ ಏರಿಳಿಯಬಹುದು. ಕತ್ತಿನ ಫ್ಯೂಷನ್, ಅಂದರೆ ಮೂಳೆ ಬೆಸೆಯುವ ಆಪರೇಷನ್ ಮಾಡಿಸಿಕೊಂಡವರ ಬಗ್ಗೆ ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನ 50ರಲ್ಲಿ 7.5 ಅಂಕ, ಅಂದರೆ ಶೇಕಡಾ 15ರ ಇಳಿಕೆಯನ್ನು ರೋಗಿಗೆ ಅನುಭವಕ್ಕೆ ಬರುವ ಕನಿಷ್ಠ ಸುಧಾರಣೆ ಎಂದಿತು. ಕೈ ನೋವು, ಕತ್ತು ನೋವಿಗೆ 10ರಲ್ಲಿ 2.5. ಮೇಲಿನ ಉದಾಹರಣೆ ಆ ಗೆರೆಯನ್ನು ಆರಾಮಾಗಿ ದಾಟಿದೆ. ಒಂದು ಮಾತು: ಆಪರೇಷನ್‌ಗೆ ಮೊದಲೇ 12 ಇದ್ದವರು 7.5 ಇಳಿಯುವುದು ಕಷ್ಟ, ಇಳಿಯಲು ಜಾಗವೇ ಇರುವುದಿಲ್ಲ. ಅವರನ್ನು ‘ಸುಧಾರಿಸಿಲ್ಲ’ ಎಂಬ ಪಟ್ಟಿಗೆ ಸೇರಿಸುವುದು ಅನ್ಯಾಯ.

ಕೈ ನೋವಿಗೆ ಒಂದು ಅಂಕ, ಕತ್ತು ನೋವಿಗೆ ಇನ್ನೊಂದು, ಬೇರೆ ಬೇರೆಯಾಗಿ ಕೊಡಿ. ಇದು ನಿಮ್ಮ ಪ್ರಶ್ನೆಯ ತಿರುಳು. ಡಿಸ್ಕ್ ಒತ್ತುತ್ತಿದ್ದ ನರವನ್ನು ಬಿಡಿಸುವುದೇ ಈ ಆಪರೇಷನ್ನಿನ ಮುಖ್ಯ ಉದ್ದೇಶ, ಆದ್ದರಿಂದ ಮೊದಲು ಇಳಿಯುವುದು ಕೈಯ ನೋವು, ಹಲವರಿಗೆ ಕೆಲವೇ ದಿನಗಳಲ್ಲಿ. ಜೋಮು ನಿಧಾನ, ತಿಂಗಳುಗಟ್ಟಲೆ ಒತ್ತಡದಲ್ಲಿದ್ದ ನರ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು, ಕೆಲವರಿಗೆ ಸ್ವಲ್ಪ ಉಳಿದೇ ಬಿಡುತ್ತದೆ. ಕತ್ತಿನ ಬಿಗಿತ, ಬೆನ್ನಿನ ಮೇಲ್ಭಾಗದ ಸೆಳೆತ ಮೂರನೇ ತಿಂಗಳಲ್ಲಿ ಇರುವುದು ಅಪರೂಪವಲ್ಲ, ಮೂಳೆ ಬೆಸೆಯಲು ಆರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ಮೂರನ್ನೂ ಸೇರಿಸಿ ‘ನೋವು ಎಷ್ಟು?’ ಎಂದು ಒಂದೇ ಅಂಕ ಕೇಳಿದರೆ 8 ಇದ್ದ ಕೈ ನೋವು 1ಕ್ಕೆ ಇಳಿದ ಸುದ್ದಿ ಕತ್ತಿನ 5ರ ಹಿಂದೆ ಮುಚ್ಚಿಹೋಗುತ್ತದೆ. ಎನ್‌ಡಿಐ ಜೋಮನ್ನು ಕೇಳುವುದೇ ಇಲ್ಲ. ಯಾವ ಬೆರಳು, ಎಷ್ಟು ಹೊತ್ತು ಎಂದು ನೀವೇ ಹೇಳಬೇಕು.

ಬೆನ್ನುಹುರಿಯೇ ಒತ್ತಿಹೋಗಿ ಆಪರೇಷನ್ ಆದವರಿಗೆ ಈ ಫಾರ್ಮ್ ಸಾಲದು. ಅವರಿಗೆ ನೋವಿಗಿಂತ ಕೈಯ ಚುರುಕು, ನಡಿಗೆ, ಮೂತ್ರದ ಹಿಡಿತ ಮುಖ್ಯ. ಜಪಾನಿನ ಮೂಳೆವೈದ್ಯರ ಸಂಘದ ಮಾಪನವನ್ನು ಮಾರ್ಪಡಿಸಿದ, 18 ಅಂಕದ ಎಂಜೆಒಎ ಬಳಸುತ್ತಾರೆ: ಕೈಗೆ 5, ಕಾಲಿಗೆ 7, ಸ್ಪರ್ಶಕ್ಕೆ 3, ಮೂತ್ರಕ್ಕೆ 3. ಇಲ್ಲಿ ಹೆಚ್ಚು ಅಂಕ ಒಳ್ಳೆಯದು. 15ರಿಂದ 17 ಅಲ್ಪ ತೊಂದರೆ, 12ರಿಂದ 14 ಮಧ್ಯಮ, 11ಕ್ಕೆ ಇಳಿದರೆ ತೀವ್ರ. ಜಪಾನಿನ ಮೂಲ ಮಾಪನದಲ್ಲಿ ಚಾಪ್‌ಸ್ಟಿಕ್ ಹಿಡಿಯಲಾಗುತ್ತದೆಯೇ ಎಂದಿತ್ತು. ಈಗಿನದರಲ್ಲಿ ಚಮಚ ಮತ್ತು ಅಂಗಿಯ ಗುಂಡಿ. ನಮ್ಮಲ್ಲಾದರೆ ಅನ್ನ ಕಲಸಿ ತುತ್ತು ಮಾಡುವುದೇ ಸರಿಯಾದ ಪರೀಕ್ಷೆ. ಮನೆಯಲ್ಲೇ ನೋಡಬಹುದಾದ್ದು ಇನ್ನೊಂದಿದೆ: ಹತ್ತು ಸೆಕೆಂಡಿನಲ್ಲಿ ಮುಷ್ಟಿ ಪೂರ್ತಿ ಬಿಗಿದು ಪೂರ್ತಿ ಬಿಚ್ಚುವುದು ಎಷ್ಟು ಸಲ ಆಗುತ್ತದೆ ಎಣಿಸಿ. ಆರೋಗ್ಯವಂತರಿಗೆ 20 ಅಥವಾ ಹೆಚ್ಚು. ಎಂಜೆಒಎ ಅಂಕ ಹಾಕುವವರು ಡಾಕ್ಟರು ಎಂಬುದು ನೆನಪಿರಲಿ. ಅದು ರೋಗಿಯ ತೀರ್ಪಲ್ಲ.

ಕತ್ತಿನ ಮುಂಭಾಗದಿಂದ ಆಪರೇಷನ್ ಆಗಿದ್ದರೆ ನುಂಗುವ ತೊಂದರೆಯನ್ನೂ ಬೇರೆಯಾಗಿ ಅಳೆಯಬೇಕು, ಎನ್‌ಡಿಐಯಲ್ಲಿ ಅದರ ಸುಳಿವೇ ಇಲ್ಲ. ಈಟ್-10 ಎಂಬ ಪ್ರಶ್ನಾವಳಿಯಲ್ಲಿ ಹತ್ತು ಪ್ರಶ್ನೆ, ತಲಾ 0ಯಿಂದ 4. ಒಟ್ಟು 3 ದಾಟಿದರೂ, ಬರೀ 3 ಆದರೂ ಗಮನಿಸಬೇಕಾದ್ದೇ. ಮೊದಲ ವಾರಗಳಲ್ಲಿ ಚಪಾತಿ, ಮಾತ್ರೆ ಗಂಟಲಲ್ಲಿ ನಿಂತಂತಾಗುವುದು, ದನಿ ಒರಟಾಗುವುದು ಸಾಮಾನ್ಯ, ಬಹುತೇಕರಿಗೆ ಕಡಿಮೆಯಾಗುತ್ತದೆ. ಕತ್ತು ಊದಿ ಉಸಿರು ಕಟ್ಟಿದರೆ, ಕೈಕಾಲಿನ ಶಕ್ತಿ ಹೊಸದಾಗಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರದೊಂದಿಗೆ ಗಾಯ ಸೋರಿದರೆ ಮಾತ್ರ ಯಾವ ಫಾರ್ಮಿಗೂ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ತುಂಬುವಾಗ: ಮಗನೋ ಸೊಸೆಯೋ ಓದಿ ಹೇಳಬಹುದು, ಉತ್ತರ ನಿಮ್ಮದಿರಲಿ. ‘ಈಗ ಪರವಾಗಿಲ್ಲ ಅಲ್ವಾ ಅಪ್ಪಾ?’ ಎಂದು ಕೇಳಿದರೆ ಯಾರೂ 4 ಹಾಕುವುದಿಲ್ಲ. ಡಾಕ್ಟರ ಎದುರು ಕೂತು ತುಂಬಬೇಡಿ. ಬೇಜಾರಾಗುತ್ತದೆ ಎಂದು ಅಂಕ ತಗ್ಗಿಸುವವರು ಬಹಳ. ಫಾರ್ಮ್ ಇಂಗ್ಲಿಷಿನಲ್ಲಿದ್ದು ನರ್ಸ್ ಅಲ್ಲೇ ಅನುವಾದಿಸಿ ಕೇಳಿದರೆ ಪ್ರತಿಸಲದ ಮಾತು ಬೇರೆಯಾಗಿ ಅಂಕವೂ ಜಾರುತ್ತದೆ. ಆಗ ಒಂದೇ ಕನ್ನಡ ಪ್ರತಿಯನ್ನು ಎಲ್ಲ ಸಲವೂ ಕೊಡಲು ಕೇಳಿ. ಬೆಳಿಗ್ಗೆ ನುಂಗಿದ ನೋವಿನ ಮಾತ್ರೆಯ ಹೆಸರು, ಪ್ರಮಾಣವನ್ನು ಮೂಲೆಯಲ್ಲಿ ಬರೆಯಿರಿ. ದಿನಕ್ಕೆ ಮೂರು ಮಾತ್ರೆಯ ಮೇಲಿನ 3 ಅಂಕವೂ ಮಾತ್ರೆಯಿಲ್ಲದ 3 ಅಂಕವೂ ಒಂದಲ್ಲ.

ಆಪರೇಷನ್‌ಗೆ ಮೊದಲಿನ ಫಾರ್ಮೇ ಇಲ್ಲದಿದ್ದರೆ ನೆನಪಿನಿಂದ ತುಂಬಿಸುವುದು ಕೊನೆಯ ದಾರಿ. ಹಿಂದಿನ ನೋವನ್ನು ಇದ್ದದ್ದಕ್ಕಿಂತ ಜಾಸ್ತಿಯಾಗಿ ನೆನೆಯುವುದು ಮನುಷ್ಯರ ಅಭ್ಯಾಸ, ಹಾಗಾಗಿ ಸುಧಾರಣೆ ಉಬ್ಬಿ ಕಾಣುತ್ತದೆ. ಅದರ ಬದಲು ಇವತ್ತಿನ ಅಂಕವನ್ನೇ ಮೊದಲ ಮೆಟ್ಟಿಲಾಗಿ ಇಟ್ಟುಕೊಂಡು ಆರನೇ ತಿಂಗಳಲ್ಲಿ, ಹನ್ನೆರಡನೇ ತಿಂಗಳಲ್ಲಿ ಮತ್ತೆ ತುಂಬಿ. ಜೊತೆಗೆ ಒಂದು ಪ್ರಶ್ನೆಗೆ ಉತ್ತರ ಬರೆದಿಡಿ: ಇಷ್ಟೇ ಫಲ ಸಿಗುವುದಾದರೂ ಇದೇ ಆಪರೇಷನ್ ಮತ್ತೆ ಮಾಡಿಸಿಕೊಳ್ಳುತ್ತಿದ್ದಿರಾ? ‘ಅಂದುಕೊಂಡಷ್ಟು ಆಗಿಲ್ಲ, ಆದರೂ ಮಾಡಿಸಿಕೊಳ್ಳುತ್ತಿದ್ದೆ’ ಎಂಬುದನ್ನು ಬೆನ್ನುಮೂಳೆ ಶಸ್ತ್ರಚಿಕಿತ್ಸಕರು ಬಳಸುವ ತೃಪ್ತಿಯ ಅಳತೆಯಲ್ಲಿ ಎರಡನೇ ದರ್ಜೆಯ ಉತ್ತರವೆಂದು ಇಟ್ಟಿದ್ದಾರೆ, ಸೋಲಿನ ಪಟ್ಟಿಯಲ್ಲಲ್ಲ.