ಗೋಧಿ ಬಿಟ್ಟರೂ ತೂಕ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: ಗ್ಲುಟೆನ್ ಬಿಟ್ಟು ಆರು ತಿಂಗಳಾಯ್ತು. ಚಪಾತಿ, ಪೂರಿ ಮುಟ್ಟಿಲ್ಲ. ತೂಕ ಇಳಿಯುವ ಬದಲು ಏರುತ್ತಿದೆ. ಎಲ್ಲಿ ತಪ್ಪುತ್ತಿದ್ದೇನೆ? (ಕುಮಟಾದ ಓದುಗರು)

ಉತ್ತರ: ಅಂಕೋಲೆಯವರಿಗೆ ಉತ್ತರಿಸಿ ಮುಗಿಸುವಷ್ಟರಲ್ಲಿ ಸಿರ್ಸಿಯಿಂದ ಇದೇ ಪ್ರಶ್ನೆ ಬಂದಿರುತ್ತದೆ. ಇರಲಿ, ಇನ್ನೊಮ್ಮೆ ಹೇಳುತ್ತೇನೆ. ಗ್ಲುಟೆನ್ ಎಂದರೆ ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿರುವ ಪ್ರೋಟೀನು. ಕೊಬ್ಬೂ ಅಲ್ಲ, ಸಕ್ಕರೆಯೂ ಅಲ್ಲ. ಅದೊಂದನ್ನು ಬಿಟ್ಟ ಮಾತ್ರಕ್ಕೆ ಯಾರ ಹೊಟ್ಟೆಯೂ ಕರಗುವುದಿಲ್ಲ. ಕರಗುವುದಾಗಿದ್ದರೆ, ತಲೆತಲಾಂತರದಿಂದ ಮೂರು ಹೊತ್ತೂ ಅಕ್ಕಿಯನ್ನೇ ಉಂಡ ನಮ್ಮ ಕರಾವಳಿಯಲ್ಲಿ ಡೊಳ್ಳುಹೊಟ್ಟೆಯೇ ಇರಬಾರದಿತ್ತು!

"ಪಕ್ಕದ ಮನೆಯವರು ಸಪೂರ ಆದರಲ್ಲ?" ಆಗಿರಬಹುದು. ಅವರು ಗೋಧಿಯ ಜೊತೆಗೆ ಸಂಜೆಯ ಬನ್ಸು, ಬೇಕರಿಯ ಖಾರಿ, ಬಿಸ್ಕೀಟು, ಪರೋಟ ಎಲ್ಲವನ್ನೂ ಬಿಟ್ಟರು. ಎಣ್ಣೆ, ಸಕ್ಕರೆ ಕಡಿಮೆಯಾಗಿ ತೂಕ ಇಳಿಯಿತು, ಹೆಸರು ಬಂದದ್ದು ಗ್ಲುಟೆನ್ ಬಿಟ್ಟದ್ದಕ್ಕೆ. ನೀವೋ, ಎರಡು ಚಪಾತಿ ಬಿಟ್ಟ ಜಾಗದಲ್ಲಿ ಆರು ತೆಳ್ಳೇವು (ಅಕ್ಕಿಯ ತೆಳು ದೋಸೆ) ಹಾಕಿಸಿಕೊಂಡಿರುತ್ತೀರಿ, ಮೇಲೆ ಜೋನಿ ಬೆಲ್ಲ, ತುಪ್ಪ. ಗೋಧಿ ಹಿಟ್ಟಾಗಲಿ ಅಕ್ಕಿ ಹಿಟ್ಟಾಗಲಿ, 100 ಗ್ರಾಂಗೆ ಹೆಚ್ಚುಕಡಿಮೆ 350 ಕ್ಯಾಲೊರಿಯೇ. ನಾರಿನ ಲೆಕ್ಕ ಮಾತ್ರ ಬೇರೆ: ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಅದಕ್ಕೇ ಉಂಡ ಸ್ವಲ್ಪ ಹೊತ್ತಿಗೆ ಮತ್ತೆ ಡಬ್ಬಿ ತಡಕಾಡುವುದು. ಆ ಡಬ್ಬಿಯಲ್ಲಿ 'ಗ್ಲುಟೆನ್ ಫ್ರೀ' ಬಿಸ್ಕೀಟಿದ್ದರೂ ಅದು ಬಿಸ್ಕೀಟೇ.

ಸೀಲಿಯಾಕ್ ಕಾಯಿಲೆ, ಅಂದರೆ ಗ್ಲುಟೆನ್ ತಿಂದರೆ ಸಣ್ಣ ಕರುಳು ಹಾಳಾಗುವ ಕಾಯಿಲೆ, ಇದ್ದು ವೈದ್ಯರೇ ಬಿಡಿಸಿದ್ದರೆ ಮಾತು ಬೇರೆ. ಹಾಳಾಗಿದ್ದ ಸಣ್ಣ ಕರುಳಿನ ಒಳಪದರ ಚೇತರಿಸಿಕೊಂಡ ಮೇಲೆ ಉಂಡದ್ದು ಮೈಗೆ ಹತ್ತುತ್ತದೆ. ಮೊದಲು ಸೊರಗಿದ್ದವರಿಗೆ ತೂಕ ಏರುವುದು ಒಳ್ಳೆಯದೇ. ಕಾಯಿಲೆಯ ಅನುಮಾನವಷ್ಟೇ ಇದ್ದರೆ, ರಕ್ತಪರೀಕ್ಷೆಗೆ ಮುಂಚೆ ಗೋಧಿ ಬಿಡಬೇಡಿ. ಬಿಟ್ಟು ಹೋದರೆ ಇರುವ ಕಾಯಿಲೆಯೂ ಕಾಣದೆ ಹೋಗಬಹುದು.

ತೂಕ ಇಳಿಸಬೇಕೆಂದರೆ ಅನ್ನ ಅಳೆದು ಬಡಿಸಿಕೊಳ್ಳಿ. ಬಸಳೆ, ಹರಿವೆ, ಹೆಸರುಕಾಳು ಹೆಚ್ಚಿರಲಿ. ಮೀನು ತಿನ್ನುವವರು ಕರಿದದ್ದು ಬಿಟ್ಟು ಸಾರಿಗೆ ಹಾಕಿ.

ಮೀನೆಂದ ಮೇಲೆ, ಯಾರೂ ಕೇಳದ ಒಂದು ಮಾತು. ಸೀಲಿಯಾಕ್ ಇರುವವರು ಚಪಾತಿಯನ್ನು ದೂರ ಇಟ್ಟು ಬಾಂಗಡೆ ರವಾ ಫ್ರೈ ತಿನ್ನುತ್ತಾರೆ. ಆ ರವೆ ಯಾವುದರದು ಅಂದುಕೊಂಡಿರಿ? ಗೋಧಿಯದೇ. ಮನೆಯಲ್ಲಾದರೆ ಅಕ್ಕಿ ತರಿ ಹಚ್ಚಿ. ಹೋಟೆಲಿನಲ್ಲಿ ಬರೀ ಮಸಾಲೆ ಹಚ್ಚಿದ್ದು ಕೇಳಿದರೂ ಅದನ್ನೂ ರವೆ ಮೀನು ಹುರಿದ ಕಾವಲಿಯಲ್ಲೇ ಹುರಿಯುತ್ತಾರೆ, ರವೆ ಇದಕ್ಕೂ ಅಂಟುತ್ತದೆ. ಇನ್ನು ಅಪ್ಪೆಹುಳಿಯ ಒಗ್ಗರಣೆಗೆ ಹಾಕುವ ಇಂಗು: ಅಂಗಡಿಯ ಪುಡಿ ಇಂಗಿನಲ್ಲಿ ಬಹಳಷ್ಟಕ್ಕೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಡಬ್ಬಿ ತಿರುಗಿಸಿ ಓದಿ. ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತದೆ.