ಉಪ್ಪುನೀರಿಗೆ ಹೆಪ್ಪು

“ಮಾಮ, ನೀರೆಲ್ಲ ಹಾಲಿನ ಥರ ಆಗೋಯ್ತು. ಚೆಲ್ಲಿಬಿಡ್ಲಾ?”

ಅಕ್ಕನ ಮಗನ ಫೋನು ಬಂದಾಗ ರಾತ್ರಿ ಹತ್ತೂವರೆ. ಬೆಂಗಳೂರಿನ ಬಾಡಿಗೆ ಮನೆಯ ಹಾಲ್‌ನಲ್ಲಿ ಅವನು ಕಡಲ ಮೀನು ಸಾಕಲೆಂದು ಸುಮಾರು 150 ಲೀಟರಿನ ಗಾಜಿನ ಟ್ಯಾಂಕ್ ಇಟ್ಟು, ಐದು ಕಿಲೋಗೂ ಮಿಕ್ಕಿ ಸಮುದ್ರದುಪ್ಪಿನ ಮಿಶ್ರಣ ಕರಗಿಸಿ, ಜೀವಾಣುಗಳಿಲ್ಲದ ಒಣಕಲ್ಲು ಜೋಡಿಸಿ ಒಂಬತ್ತು ದಿನವಾಗಿತ್ತು. ಮೀನು ಇನ್ನೂ ಬಿಟ್ಟಿರಲಿಲ್ಲ, ಅದೊಂದು ಪುಣ್ಯ. ಕೊಳೆತು ಸೂಕ್ಷ್ಮಜೀವಿಗಳಿಗೆ ಆಹಾರವಾಗಲಿ ಎಂದು ಯಾರೋ ಹೇಳಿದರೆಂದು ಎರಡು ಹಸಿ ಸಿಗಡಿ ಮಾತ್ರ ಹಾಕಿದ್ದ.

ಚೆಲ್ಲಬೇಡ ಅಂದೆ. ಹೊಸ ಟ್ಯಾಂಕ್ ಬೆಳ್ಳಗಾಗಲು ಕಾರಣ ಒಂದೇ ಅಲ್ಲ. ಮರಳಿನ ಧೂಳಾದರೆ ಒಂದೆರಡು ದಿನದಲ್ಲಿ ತಳ ಸೇರುತ್ತದೆ. ನೀರಿನ ಕ್ಷಾರ ಹೆಚ್ಚಿಸುವ ಪುಡಿಯನ್ನು ಒಮ್ಮೆಗೇ ಸುರಿದಿದ್ದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಸುಣ್ಣದ ಹಾಗೆ ಬೇರ್ಪಟ್ಟು ಹೀಟರಿನ ಮೇಲೆಲ್ಲ ಪದರ ಕಟ್ಟುತ್ತದೆ. ಇವನದು ಎರಡೂ ಅಲ್ಲ. ಕೊಳೆಯುತ್ತಿದ್ದ ಸಿಗಡಿಯನ್ನು ತಿನ್ನಲು ಬಂದ ಬ್ಯಾಕ್ಟೀರಿಯಾ ಈ ಪರಿ ಹೆಚ್ಚಿತ್ತು. ಅದು ನೀರಿನ ಆಮ್ಲಜನಕವನ್ನೂ ಹೀರುತ್ತದೆ. ಸಿಗಡಿ ತೆಗೆದುಹಾಕಿ, ನೀರಿನ ಮೇಲ್ಮೈ ಕದಡುವಂತೆ ಪಂಪನ್ನು ತಿರುಗಿಸಿಟ್ಟರೆ ಸಾಕಿತ್ತು. ನಾಲ್ಕನೇ ದಿನ ನೀರು ತಿಳಿಯಾಯಿತು.

ತಿಳಿಯಾದದ್ದೇ ತಡ, ಮೀನು ತರುತ್ತೇನೆಂದು ಹೊರಟ. ಅಪಾಯವಿರುವುದು ಅಲ್ಲಿ. ಕಣ್ಣಿಗೆ ಶುದ್ಧವಾಗಿರುವ ನೀರಿನಲ್ಲಿ ಸಿಗಡಿ ಕೊಳೆತು ಬಂದ ಅಮೋನಿಯಾ ತುಂಬಿರಬಹುದು. ಸಮುದ್ರದ ನೀರಿನ ಪಿಎಚ್ 8.2ರ ಆಸುಪಾಸು. ಪಿಎಚ್ 7ರ ಸಿಹಿನೀರಿಗೆ ಹೋಲಿಸಿದರೆ, ಅದೇ ಪ್ರಮಾಣದ ಅಮೋನಿಯಾದಲ್ಲಿ ವಿಷಕಾರಿಯಾದ ಪಾಲು ಇಲ್ಲಿ ಹತ್ತು ಪಟ್ಟಿಗಿಂತ ಹೆಚ್ಚು. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಸೂಕ್ಷ್ಮಜೀವಿಗಳು ಇವೆ, ಆದರೆ ಅವು ಬಲು ನಿಧಾನ. ಸಿಗಡಿ ತಿನ್ನುವವು ಗಂಟೆಗಳಲ್ಲಿ ಎಷ್ಟೋ ಪಟ್ಟಾದರೆ, ಇವು ಒಮ್ಮೆ ಇಮ್ಮಡಿಯಾಗಲು ಅರ್ಧ ದಿನವೋ, ಅದಕ್ಕೂ ಹೆಚ್ಚೋ ಬೇಕು. ಒಣಕಲ್ಲಿನಿಂದ ಶುರುಮಾಡಿದ ಟ್ಯಾಂಕಿನಲ್ಲಿ ಇವು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುವುದು ಸಾಮಾನ್ಯ.

ಹೆಪ್ಪಿಲ್ಲದ ಹಾಲನ್ನು ಮುಚ್ಚಿಟ್ಟು ಮೊಸರಿಗೆ ಕಾದಂತೆ ಇದು. ಹಳೆಯ, ಆರೋಗ್ಯವಾದ ಟ್ಯಾಂಕಿನಿಂದ ಒಂದು ಕಲ್ಲೋ ಒಂದು ಹಿಡಿ ಮರಳೋ ತಂದು ಹಾಕಿದರೆ ಅದೇ ಹೆಪ್ಪು. ಅಂಥ ಒಂದು ಟ್ಯಾಂಕಿನ ತಳದಲ್ಲಿ ಏನೆಲ್ಲ ಅಡಗಿರಬಹುದು ಎನ್ನುವುದಕ್ಕೆ ಸಿಯಾಟಲ್ ಅಕ್ವೇರಿಯಂನ ಕಥೆ ನನಗೆ ಬಹಳ ಇಷ್ಟ. ಅಲ್ಲಿನ ಉಷ್ಣವಲಯದ ಟ್ಯಾಂಕಿನ ಜಲ್ಲಿಯಿಂದ ಬೇರ್ಪಡಿಸಿದ ಒಂದು ಸೂಕ್ಷ್ಮಜೀವಿಯ ವಿವರ 2005ರಲ್ಲಿ ಪ್ರಕಟವಾಯಿತು. ಹೆಸರು ನೈಟ್ರೊಸೊಪ್ಯೂಮಿಲಸ್ ಮ್ಯಾರಿಟಿಮಸ್. ಅದು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಎಂಬ ಬೇರೆಯದೇ ಕುಲ. ಅಮೋನಿಯಾ ಉಂಡು ಬದುಕುವ ಆರ್ಕಿಯಾವನ್ನು ಅಲ್ಲಿಯವರೆಗೆ ಯಾರೂ ಬೆಳೆಸಿ ತೋರಿಸಿರಲಿಲ್ಲ. ಇದರ ಬಳಗ ಸಾಗರಗಳಲ್ಲೆಲ್ಲ ಹೇರಳವಾಗಿದೆ. ಕೈಗೆ ಸಿಕ್ಕಿದ್ದು ಮಾತ್ರ ಮೀನಿನ ತೊಟ್ಟಿಯ ಜಲ್ಲಿಯಲ್ಲಿ!

ಹೆಪ್ಪಿನ ಮಾತು ಹುಡುಗನ ತಲೆಯಲ್ಲಿ ಬೇರೆಯೇ ದಾರಿ ಹಿಡಿಯಿತು. “ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗ್ತಿದೀವಿ, ಅಲ್ಲಿಂದ್ಲೇ ಒಂದು ಹವಳದ ಕಲ್ಲು ತರ್ಲಾ?” ಅಂದ. ಜೈಲಿಗೆ ಹೋಗ್ತೀಯ ಅಂದೆ. ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಚ್ಛೇದದಲ್ಲಿವೆ, ಹುಲಿಯ ಜೊತೆಗೆ. ಸತ್ತ ತುಂಡನ್ನೂ ಎತ್ತಿ ತರುವಂತಿಲ್ಲ. ಕೊನೆಗೆ ಒಂದು ಹಳೆಯ ಟ್ಯಾಂಕಿನಿಂದಲೇ ಹೆಪ್ಪಿನ ಕಲ್ಲು ತಂದು ಹಾಕಿದ.

ಮೂರನೇ ವಾರ ಮರಳಿನ ಮೇಲೆ, ಗಾಜಿನ ಮೇಲೆ ಕಾಫಿಪುಡಿ ಉದುರಿಸಿದ ಹಾಗೆ ಕಂದು ಬಣ್ಣ. ಇವು ಡಯಾಟಮ್‌ಗಳು, ಸಿಲಿಕಾದಿಂದ ಗಾಜಿನಂಥ ಕವಚ ಕಟ್ಟಿಕೊಳ್ಳುವ ಏಕಕೋಶ ಪಾಚಿ. ಸಿಲಿಕಾ ಮುಗಿದಂತೆ ತಾವಾಗಿ ಇಳಿಯುತ್ತವೆ. ಇವನಲ್ಲಿ ಇಳಿಯಲಿಲ್ಲ. ಬೋರ್‌ವೆಲ್ ನೀರಿನಲ್ಲಿ, ಅದೂ ಗ್ರಾನೈಟ್ ಬಂಡೆಯ ನಡುವಿನಿಂದ ಬಂದದ್ದರಲ್ಲಿ, ಸಿಲಿಕಾ ಇದ್ದೇ ಇರುತ್ತದೆ. “ಆರ್‌ಒ ನೀರೇ ಹಾಕ್ತಿದೀನಿ ಮಾಮ” ಅಂತ ಅವನ ವಾದ. ಅಡುಗೆಮನೆಯ ಆರ್‌ಒ ಮೆಷಿನ್ ಬಿಚ್ಚಿ ನೋಡಿದರೆ ಒಳಗೆ ಟಿಡಿಎಸ್ ಕಂಟ್ರೋಲರ್! ಕುಡಿಯುವ ನೀರು ಸಪ್ಪೆಯಾಗದಿರಲೆಂದು ಸ್ವಲ್ಪ ಆರ್‌ಒ ಆಗದ ನೀರನ್ನು ಮತ್ತೆ ಬೆರೆಸುವ ತಿರುಪು ಅದು. ನಮಗೆ ಒಳ್ಳೆಯದೇ, ಡಯಾಟಮ್‌ಗಳಿಗೆ ಇನ್ನೂ ಒಳ್ಳೆಯದು.

ಅದೇ ಹೊತ್ತಿಗೆ ಇನ್ನೊಂದು ಹೊರಬಿತ್ತು. ದಿನಕ್ಕೆ ಎರಡು ಲೀಟರ್ ಆವಿಯಾಗುತ್ತಿತ್ತು, ಅದನ್ನು ಅವನು ಉಪ್ಪುನೀರಿನಿಂದಲೇ ತುಂಬಿಸುತ್ತಿದ್ದ. ಆವಿಯಾಗಿ ಹೋಗುವುದು ನೀರು, ಉಪ್ಪಲ್ಲವಲ್ಲ! ಲೀಟರಿಗೆ 35 ಗ್ರಾಂ ಇರಬೇಕಾದ ಲವಣ ಹೀಗೆ ಎರಡೇ ವಾರದಲ್ಲಿ 41 ದಾಟುತ್ತದೆ. ಕೆಂಪು ಸಮುದ್ರದ ಉತ್ತರ ತುದಿಯ ಹವಳಗಳು ಹೆಚ್ಚುಕಡಿಮೆ ಇಷ್ಟು ಉಪ್ಪಿನಲ್ಲೇ ಬದುಕುತ್ತವೆ ನಿಜ, ಅವು ಅದಕ್ಕೆ ಒಗ್ಗಿಕೊಂಡಿವೆ. ಅಂಗಡಿಯಿಂದ ಬರುವ ಮೀನಿಗೆ ಆ ಅಭ್ಯಾಸವಿಲ್ಲ. ನೀರಿನ ಉಪ್ಪು ಅಳೆಯುವ ಅವನ ಹೈಡ್ರೋಮೀಟರ್ ಮಾತ್ರ ಎಲ್ಲ ಸರಿಯಾಗಿದೆ ಎನ್ನುತ್ತಿತ್ತು. ಅದರ ಮುಳ್ಳಿನ ಮೇಲೆ ಉಪ್ಪಿನ ಪದರ ಕಟ್ಟಿ ಭಾರವಾದರೆ ಅಳತೆ ಕಡಿಮೆ ತೋರಿಸುತ್ತದೆ. ಉಪ್ಪು ಏರಿದ್ದನ್ನು ಒಂದೇ ದಿನದಲ್ಲಿ ಇಳಿಸಲೂಬಾರದು, ಕಲ್ಲಿನಲ್ಲಿ ಈಗಷ್ಟೇ ನೆಲೆಯೂರಿದ ಜೀವಕ್ಕೂ ಆಘಾತ. ದಿನಾ ಸ್ವಲ್ಪ ಉಪ್ಪುನೀರು ತೆಗೆದು ಸಿಹಿನೀರು ಸೇರಿಸಿ ಒಂದು ವಾರದಲ್ಲಿ ಸರಿಮಾಡಿದೆವು.

ಕಂದು ಬಣ್ಣಕ್ಕೆ ಬೇಸತ್ತು ಅವನು ಪಾಚಿಗೆ ಗೊಬ್ಬರವಾಗುವ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸುವ ಹಟಕ್ಕೆ ಬಿದ್ದಾಗ ನಾನು ಸ್ವಲ್ಪ ಗದರಿದೆ. ಅಷ್ಟು ಬೋಳಿಸಿದ ಟ್ಯಾಂಕ್ ಡೈನೊಫ್ಲಾಜೆಲೇಟ್ ಎಂಬ ಬೇರೊಂದು ಬಗೆಯ ಏಕಕೋಶ ಜೀವಿಗಳಿಗೆ ಹಬ್ಬ. ಇವೂ ಕಂದೇ, ಆದರೆ ಸಿಂಬಳದಂತೆ ಎಳೆಎಳೆಯಾಗಿ, ತುದಿಯಲ್ಲಿ ಗುಳ್ಳೆ ಹಿಡಿದು ತೂಗುತ್ತವೆ. ಸಂಜೆಗೆ ದಟ್ಟ, ಬೆಳಿಗ್ಗೆ ತೆಳು. ಕೆಲವು ಜಾತಿ ವಿಷವನ್ನೂ ಬಿಡುತ್ತವೆ, ಮೇಯಲು ಬಂದ ಶಂಖದ ಹುಳು ಸಾಯುವುದುಂಟು. ಡಯಾಟಮ್ ಒರೆಸಿದರೆ ಹೋಗುತ್ತದೆ, ಇವು ಹೋಗುವುದಿಲ್ಲ. ಎರಡನ್ನೂ ಒಂದೇ ಎಂದುಕೊಂಡು ಇನ್ನಷ್ಟು ತೊಳೆಯುವವರೇ ಹೆಚ್ಚು.

ಏಳನೇ ವಾರ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಚೂರು. ಒಂದು ಪುಟ್ಟ ಕ್ಲೌನ್‌ಫಿಶ್ ಬಂತು. ಮೂರು ದಿನ ಫೋನಿಲ್ಲ. ನಾಲ್ಕನೇ ರಾತ್ರಿ ಒಂದು ವಿಡಿಯೋ ಕಳಿಸಿದ: ಟಾರ್ಚ್ ಬೆಳಕಿನಲ್ಲಿ ಗಾಜಿನ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು ಜಿಗಿಜಿಗಿದು ಓಡುತ್ತಿವೆ.

“ಮಾಮ, ಹುಳ ಬಿದ್ದಿದೆ. ಇದಕ್ಕೇನು ಔಷಧಿ ಹಾಕ್ಲಿ?”

“ಕೋಪಿಪಾಡ್ ಕಣೋ ಅವು, ಸಿಗಡಿ ಜಾತಿಯ ಪುಟಾಣಿ ಜೀವಿಗಳು. ಹೆಪ್ಪಿನ ಕಲ್ಲಿನ ಜೊತೆ ಬಂದಿವೆ, ಕಂದು ಪಾಚಿನ ಮೇಯ್ತಿವೆ. ಲೈಟ್ ಆರಿಸಿ ಮಲ್ಕೋ.”