ಪಾಲು, ಹಾಲು, ಆಲು

ದೊಡ್ಡಮ್ಮನ ಮನೆ ಮುಳಬಾಗಿಲಿನ ಹತ್ತಿರದ ಹಳ್ಳಿಯಲ್ಲಿ. ಹೋದ ತಿಂಗಳು ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸಿದ್ದರು: "ಆಲು ಕಾಯ್ಸಿ ಇಕ್ಕಿವ್ನಿ, ಬಿರ್ನೆ ಬಾ." ಹೋದ ಮೇಲೆ ಅದನ್ನೇ ಅವರಿಗೆ ಕೇಳಿಸಿದೆ. "ಇದು ನನ್ ದನಿ ಅಲ್ಲ ಬಿಡು" ಎಂದರು. ಪಕ್ಕದಲ್ಲಿದ್ದ ಮೊಮ್ಮಗಳು, "ಅಜ್ಜಿ, ಅದು ಹಾಲು" ಎಂದಳು. ದೊಡ್ಡಮ್ಮನಿಗೆ ಆಶ್ಚರ್ಯ. "ನಾನೂ ಅದೇ ಅಲ್ವಾ ಅಂದಿದ್ದು? ಆಲು!"

ದನಿಯ ವಿಷಯ ಸುಲಭ. ಮಾತಾಡುವಾಗ ನಮ್ಮ ದನಿ ಗಾಳಿಯಲ್ಲೂ ಬರುತ್ತದೆ, ತಲೆಬುರುಡೆಯ ಮೂಳೆಯಲ್ಲೂ ಬರುತ್ತದೆ. ಮೂಳೆಯ ದಾರಿಯಲ್ಲಿ ತಗ್ಗಿನ ದನಿ ಚೆನ್ನಾಗಿ ಸಾಗುತ್ತದೆ. ಫೋನಿಗೆ ಸಿಗುವುದು ಗಾಳಿಯಲ್ಲಿ ಬಂದದ್ದು ಮಾತ್ರ. ಅದಕ್ಕೇ ತೆಳ್ಳಗೆ ಕೇಳುತ್ತದೆ.

ಆದರೆ ಬಿಟ್ಟುಹೋದ 'ಹ' ಅವರ ಗಮನಕ್ಕೆ ಯಾಕೆ ಬರಲಿಲ್ಲ?

ಕಿವಿ ಚಿಕ್ಕಂದಿನಲ್ಲೇ ಪಳಗುತ್ತದೆ. 1984ರಲ್ಲಿ ಮನೋವಿಜ್ಞಾನಿಗಳಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ 'ತ' ಮತ್ತು 'ಟ' ಕೇಳಿಸಿದರು. 6-8 ತಿಂಗಳ ಕೂಸುಗಳು ವ್ಯತ್ಯಾಸ ಗುರುತಿಸಿದವು. 10-12 ತಿಂಗಳ ಹೊತ್ತಿಗೆ ಹೆಚ್ಚಿನವುಗಳಿಗೆ ಅದು ಆಗಲಿಲ್ಲ. ಮನೆಯಲ್ಲಿ ಬೇಕಿಲ್ಲದ ವ್ಯತ್ಯಾಸವನ್ನು ಕಿವಿ ಮೆಲ್ಲಗೆ ಬಿಟ್ಟುಬಿಡುತ್ತದೆ.

ಇನ್ನೊಂದು ಕಾರಣವೂ ಇದೆ. 1960ರ ದಶಕದಲ್ಲಿ ಭಾಷಾವಿಜ್ಞಾನಿ ವಿಲಿಯಂ ಲಬೋವ್ ನ್ಯೂಯಾರ್ಕಿನವರನ್ನು, ಇಂಥ ಪದವನ್ನು ನೀವು ಹೇಗೆ ಹೇಳುತ್ತೀರಿ ಎಂದು ಕೇಳಿದರು. 'ರ್' ಬಿಡದೆ ಹೇಳುತ್ತೇವೆ ಎಂದರು ಬಹಳ ಜನ. ಅವರದೇ ಮಾತಿನ ರೆಕಾರ್ಡಿನಲ್ಲಿ ಎಷ್ಟೋ ಕಡೆ ಆ 'ರ್' ಇರಲಿಲ್ಲ. ಯಾರೂ ಸುಳ್ಳು ಹೇಳಿರಲಿಲ್ಲ. ಯಾವುದು ಸರಿ ಅಂದುಕೊಂಡಿದ್ದರೋ ಅದೇ ತಮ್ಮ ಬಾಯಲ್ಲಿದೆ ಎಂದು ನಂಬಿದ್ದರು.

ನಮ್ಮ ಶಾಲೆಯಲ್ಲಿ ಒಬ್ಬ ಮೇಷ್ಟ್ರು 'ಆಲು' ಅಂದವರನ್ನು ನಿಲ್ಲಿಸಿ ಹತ್ತು ಸಲ 'ಹಾಲು' ಅನ್ನಿಸುತ್ತಿದ್ದರು. ಹೆದರಿದ ಹುಡುಗರು ಅಕ್ಕಿಗೂ 'ಹ' ಸೇರಿಸಿ 'ಹಕ್ಕಿ ಮೂಟೆ' ಅನ್ನುತ್ತಿದ್ದರು. ಆ ಮಕ್ಕಳ ಮುಖ ನೆನೆದರೆ ಈಗಲೂ ಸಂಕಟವಾಗುತ್ತದೆ. ಯಾಕೆಂದರೆ 'ಹಾಲು' ಕೂಡ ಹೀಗೇ ಬದಲಾಗಿ ಬಂದ ಮಾತು. ಹಳಗನ್ನಡದಲ್ಲಿ ಅದು 'ಪಾಲ್'. ಹುಲಿ 'ಪುಲಿ', ಹೂವು 'ಪೂ'. ಸುಮಾರು ಸಾವಿರ ವರ್ಷದ ಹಿಂದೆ ಇಂಥ 'ಪ' ಸಡಿಲವಾಗಿ 'ಹ' ಆಗತೊಡಗಿತು. 'ಪ' ಅನ್ನಲು ಎರಡೂ ತುಟಿ ಮುಚ್ಚಬೇಕು. 'ಹ' ಬರೀ ಉಸಿರು. ಉಸಿರು ಜಾರುವುದು ಸುಲಭ. ಲ್ಯಾಟಿನ್ನಿನ 'ಹ' ಇಟಲಿಯವರ ಬಾಯಲ್ಲಿ ಪೂರ್ತಿ ಜಾರಿಹೋಗಿದೆ. ದೊಡ್ಡಮ್ಮನ 'ಆಲು' ಅದೇ ದಾರಿಯಲ್ಲಿ ಒಂದು ಹೆಜ್ಜೆ ಮುಂದಿದೆ, ಅಷ್ಟೇ.

ಮಾರನೇ ದಿನ ಬೆಳಿಗ್ಗೆ ಅವರ ಜೊತೆ ಡೈರಿಗೆ ಹೋದೆ. ಗಡಿ ಸೀಮೆ, ಸಾಲಿನಲ್ಲಿ ಅರ್ಧ ಜನ ತೆಲುಗು ಮಾತಾಡುವವರು. ಮುಂದಿದ್ದಾಕೆ "ಪಾಲು" ಎಂದು ಕ್ಯಾನ್ ಮುಂದಿಟ್ಟರು. ದೊಡ್ಡಮ್ಮ "ಆಲು" ಎಂದರು. ಡೈರಿಯ ಹುಡುಗ ಇಬ್ಬರದನ್ನೂ ಅಳೆದು ಒಂದೇ ಕ್ಯಾನಿಗೆ ಸುರಿದ, ಪುಸ್ತಕದಲ್ಲಿ 'ಹಾಲು' ಎಂದು ಬರೆದುಕೊಂಡ.